ಮುಂದಿನ ಚಕ್ರದ ನಟ್

ಮಾರ್ಚ್ ೪, ಮಂಗಳವಾರ, ಬೆಳಗ್ಗೆ ೬.೩೦

ಇವತ್ತೂ ಸೈಕಲ್ಲಿನ ಪೆಟ್ಟಿಗೆಗೆ ಮೊಣಕಾಲು ಬಡಿಸಿಕೊಂಡೇ ಬಚ್ಚಲಿಗೆ ಹೋದೆ. ಮೂರು ದಿನದಿಂದ ನಡುಮನೆಯಲ್ಲಿ ಒರಗಿ ನಿಂತಿದೆ. ಅಮ್ಮ ಅದರ ಮೇಲೆ ಟವೆಲ್ ಒಣಗಿಸಲು ಶುರು ಮಾಡಿದ್ದಾಳೆ. ಸೈಕಲ್ಲನ್ನೂ ಆನ್‌ಲೈನಲ್ಲಿ ತರಿಸುತ್ತಾರಾ ಎಂದು ನಿನ್ನೆಯೂ ಕೇಳಿದಳು. ಅದೂ ಫಿಕ್ಸೆಡ್ ಗೇರ್ — ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ, ಕಾಲಿಗೆ ಬಿಡುವಿಲ್ಲ. ಯಾಕೆ ಬೇಕಿತ್ತು ಇದು ಅಂದಳು.

ಭಾಗಗಳು ಕಡಿಮೆ, ಅದಕ್ಕೆ. ಒಂದೊಂದನ್ನೂ ನಾನೇ ಜೋಡಿಸಬಲ್ಲೆ, ನಾನೇ ಪರೀಕ್ಷಿಸಬಲ್ಲೆ. ಕನ್ನಡಕದ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಸಾಸಿವೆಯಷ್ಟು ಸ್ಕ್ರೂ ತಿರುಗಿಸುತ್ತಿದ್ದೇನೆ. ಇದೇನು ಮಹಾ.

ನಾಳೆ ರಜೆ. ನಾಳೆ ಪೆಟ್ಟಿಗೆ ಬಿಚ್ಚುವುದು. ಖಂಡಿತ.

ಮಾರ್ಚ್ ೫

ಬಿಚ್ಚಿದೆ. ಹ್ಯಾಂಡಲ್ ಕೂರಿಸಿದೆ. ಆಮೇಲೆ ನೋಡಿದರೆ ಮುಂದಿನ ಚಕ್ರ ಹಿಡಿಯುವ ಫೋರ್ಕ್ ಹಿಂದುಮುಂದು, ಬ್ರೇಕ್ ಹಿಂಬದಿಗೆ ಬಂದಿತ್ತು. ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ. ಎಡಗಡೆ ಪೆಡಲ್ ಅರ್ಧ ಗಂಟೆ ಸತಾಯಿಸಿತು. ಅದೊಂದನ್ನು ಉಲ್ಟಾ ತಿರುಗಿಸಬೇಕಂತೆ. ಮೊಣಕೈವರೆಗೆ ಗ್ರೀಸ್.

ಅಮ್ಮ ಬಾಗಿಲಲ್ಲಿ ನಿಂತು, ಇಷ್ಟು ಒದ್ದಾಡುವ ಬದಲು ಯಾರಾದರೂ ಮೆಕ್ಯಾನಿಕ್‌ನ ಕರೆಸು ಎಂದಳು. ಆಮೇಲೆ ತಾನೇ ಸೇರಿಸಿದಳು — "ನಿಮ್ಮಣ್ಣ ಒಬ್ಬನ್ನ ಬಿಟ್ಟು."

ಮಾರ್ಚ್ ೮, ಶನಿವಾರ

ಎರಡು ದಿನ ಮುಟ್ಟಲಿಲ್ಲ. ಉಳಿದಿದ್ದು ಮುಂದಿನ ಚಕ್ರ.

ಇವತ್ತು ಹಾಕಿದೆ. ನಟ್ ಬಿಗಿ ಮಾಡಿದೆ, ಬಿಚ್ಚಿದೆ, ಮತ್ತೆ ಬಿಗಿ ಮಾಡಿದೆ. ಹನ್ನೊಂದು ಸಲ. ಅಂಗೈ ಬೆವರಿ ಸ್ಪ್ಯಾನರ್ ಜಾರುತ್ತಿತ್ತು.

ಬರೆದೇ ಬಿಡುತ್ತೇನೆ. ಇದನ್ನು ಯಾರೂ ಓದುವುದಿಲ್ಲ.

ಎರಡು ವರ್ಷದ ಹಿಂದೆ ಹಳೆ ಸೈಕಲ್ಲಿನ ಮುಂದಿನ ಚಕ್ರ ಇಳಿಜಾರಿನಲ್ಲಿ ಕಳಚಿಕೊಂಡಿತು. ದವಡೆ ಮುರಿಯಿತು, ನಾಲ್ಕು ಹಲ್ಲು ಹೋದವು. ಹಿಂದಿನ ದಿನವಷ್ಟೇ ಅಣ್ಣ ತನ್ನ ಸೈಕಲ್ ಶಾಪಿನಲ್ಲಿ ಅದನ್ನು ಸರ್ವಿಸ್ ಮಾಡಿಕೊಟ್ಟಿದ್ದ. ಎಲ್ಲರೂ ಅವನನ್ನೇ ಅಂದರು. ಆದರೆ ಶಾಪಿನಿಂದ ಮನೆಗೆ ಅದನ್ನು ನಮ್ಮ ಅಂಗಡಿ ಯಜಮಾನರ ಕಾರಿನ ಡಿಕ್ಕಿಯಲ್ಲಿ ತಂದಿದ್ದೆ — ತುರುಕಲು ಚಕ್ರ ಬಿಚ್ಚಿದ್ದು ನಾನು. ಬೆಳಗ್ಗೆ ಕೆಲಸಕ್ಕೆ ಹೊತ್ತಾಯಿತೆಂದು ನಟ್ಟನ್ನು ಬೆರಳಲ್ಲೇ ತಿರುಗಿಸಿ ಹೊರಟವಳೂ ನಾನು.

ಆರು ವಾರ ದವಡೆಗೆ ತಂತಿ ಹಾಕಿದ್ದರು, ಮಾತಾಡಲು ಆಗುತ್ತಿರಲಿಲ್ಲ. ತಂತಿ ತೆಗೆದ ಮೇಲೆ ಆಗುತ್ತಿತ್ತು. ಆಡಲಿಲ್ಲ. ಅಷ್ಟರಲ್ಲಿ ಅಣ್ಣ ಶಾಪ್ ಮುಚ್ಚಿದ್ದ. ಈಗ ಯಾವುದೋ ಗೋಡೌನಿನಲ್ಲಿ ಪೆಟ್ಟಿಗೆ ಎಣಿಸುತ್ತಾನೆ. ನಮ್ಮ ಮನೆ ಕಡೆ ತಲೆ ಹಾಕುವುದಿಲ್ಲ.

ಮಾರ್ಚ್ ೯, ಭಾನುವಾರ

ಚೈನ್ ಸರಿ — ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ಆಡುತ್ತದೆ. ಬ್ರೇಕ್ ಸರಿ. ಟೈರ್ ಸರಿ. ಓಣಿಯಲ್ಲಿ ತಳ್ಳಿಕೊಂಡು ಹೋದೆ, ಹತ್ತಲಿಲ್ಲ. ನಿಲ್ಲಿಸಿ ಪೆಡಲನ್ನು ಹಿಂದಕ್ಕೆ ಒತ್ತಿದಾಗ 'ಟಕ್' ಅಂದಿತು. ಮತ್ತೆ ಒತ್ತಿದೆ. ಮತ್ತೆ ಟಕ್.

ವಿಡಿಯೊ ಹುಡುಕಿ ನೋಡಿದೆ. ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲುಬಿಲ್ಲೆಯನ್ನು ಹಿಡಿದಿಡುವ ಲಾಕ್ ರಿಂಗ್ ಸಡಿಲ. ವೇಗ ತಗ್ಗಿಸಲು ಕಾಲನ್ನು ಹಿಂದಕ್ಕೆ ಒತ್ತಿದರೆ ಬಿಲ್ಲೆ ಕಳಚಿಕೊಳ್ಳಬಹುದು. ಬಿಗಿ ಮಾಡಲು ಕೊಕ್ಕೆಯಿರುವ ಬೇರೆ ಸ್ಪ್ಯಾನರ್ ಬೇಕು.

ಅದು ಯಾರ ಹತ್ತಿರ ಇದೆ ಎಂದು ಗೊತ್ತು. ಹೊಸದು ತರಿಸಬಹುದು, ನಾಲ್ಕು ದಿನದಲ್ಲಿ ಬರುತ್ತದೆ. ತರಿಸುವುದಿಲ್ಲ. ನಾಳೆ ಅಣ್ಣನ ಮನೆಗೆ ಹೋಗುವುದು. ಸ್ಪ್ಯಾನರ್ ಕೇಳುವ ಮೊದಲು ಆ ನಟ್ಟಿನ ವಿಷಯ ಹೇಳುವುದು.

ಮಾರ್ಚ್ ೧೦

ಹೇಳಿದೆ.

ಅಣ್ಣ ಆಗಷ್ಟೇ ಕೆಲಸದಿಂದ ಬಂದು ಶೂ ಬಿಚ್ಚುತ್ತಿದ್ದ. ಅತ್ತಿಗೆ ನೀರು ಕೊಟ್ಟರು. ಕುಡಿಯದೆ, ಸುತ್ತಿಬಳಸದೆ ಹೇಳಿದೆ. ಒಂದು ಶೂ ಅವನ ಕೈಯಲ್ಲೇ ಉಳಿಯಿತು.

"ಎರಡು ವರ್ಷದಿಂದ ಈ ಕೈನ ನಂಬಿಲ್ಲ ಕಣೇ ನಾನು," ಅಂದ. "ಮನೆಗೆ ಬೀಗ ಹಾಕಿದ್ರೂ ವಾಪಸ್ ಬಂದು ಎಳೆದು ನೋಡ್ತೀನಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಈಗ ಹೊರಡಮ್ಮ ಎಂದರು ಅತ್ತಿಗೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸ್ಪ್ಯಾನರ್ ಕೇಳಲಿಲ್ಲ.

ಮಾರ್ಚ್ ೧೫, ಶನಿವಾರ, ಸಂಜೆ

ಅಣ್ಣ ಬಂದಿದ್ದ. ಟೂಲ್ ಬಾಕ್ಸ್ ಹಿಡಿದು. ಮೊನ್ನೆ ಅತ್ತಿಗೆ ಫೋನ್ ಮಾಡಿದಾಗ ಆ ಟಕ್ ಸದ್ದಿನ ವಿಷಯ ಹೇಳಿದ್ದೆ, ಅವನ ಕಿವಿಗೆ ಬಿದ್ದಿರಬೇಕು.

"ಕ್ಷಮಿಸಿದೀನಿ ಅಂದ್ಕೋಬೇಡ. ಅದನ್ನ ಹಾಗೇ ಓಡಿಸಿದ್ರೆ ಬೀಳ್ತೀಯ, ಅದಕ್ಕೆ ಬಂದೆ."

ಮುಂದಿನ ಚಕ್ರದಿಂದ ಶುರು ಮಾಡಿದ. ನಟ್ ಮುಟ್ಟಿ ನೋಡಿ, ಇನ್ನೂ ಬಿಗಿ ಮಾಡಿದ್ದರೆ ಮುರಿದೇ ಹೋಗುತ್ತಿತ್ತು ಎಂದ. ಸೀಟು, ಹ್ಯಾಂಡಲ್, ಬ್ರೇಕ್. ಲಾಕ್ ರಿಂಗಿಗೆ ಬಂದಾಗ ಸ್ಪ್ಯಾನರನ್ನು ನನ್ನ ಕಡೆ ಚಾಚಿದ. ನಾನು ತೆಗೆದುಕೊಳ್ಳಲಿಲ್ಲ. ಅವನೇ ಬಿಗಿ ಮಾಡಿದ. ಪೆಡಲ್ ಹಿಂದಕ್ಕೆ ಒತ್ತಿ ನೋಡಿದ. ಸದ್ದಿಲ್ಲ. ಒಂದೇ ಸಲ ನೋಡಿದ, ಎರಡನೇ ಸಲ ಒತ್ತಲಿಲ್ಲ.

ಅಮ್ಮ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಓಡಿಸುವಾಗ ತಾನು ಇರಬೇಕು, ನಾಳೆ ಬರುತ್ತೇನೆ ಎಂದು ಹೋದ.

ಮಾರ್ಚ್ ೧೬, ಬೆಳಗ್ಗೆ ೮

ಓಡಿಸಿದೆ. ಓಣಿಯ ಕೊನೆವರೆಗೆ, ಮೂರು ಸುತ್ತು. ತಿರುವಿನಲ್ಲಿ ಅಭ್ಯಾಸಬಲದಿಂದ ಕಾಲು ನಿಲ್ಲಿಸಹೋದೆ — ಪೆಡಲ್ ಕಾಲನ್ನೇ ಎತ್ತಿ ಎಸೆದಂತಾಯಿತು. ಬ್ರೇಕ್ ಹಿಡಿಯಿತು. ಬೀಳಲಿಲ್ಲ. ಅಣ್ಣ ಗೇಟಿನ ಹತ್ತಿರ ಕೈಕಟ್ಟಿ ನಿಂತಿದ್ದವನು ನಾಲ್ಕು ಹೆಜ್ಜೆ ಓಡಿ ಬಂದು, ಏನೂ ಆಗಿಲ್ಲವೆಂದು ಕಂಡು, ಮತ್ತೆ ಕೈಕಟ್ಟಿ ನಿಂತ.

ಒಳಗೆ ಬಂದಾಗ ಅಮ್ಮ ಅವನ ಮುಂದೆ ಟೀ ಇಟ್ಟಳು. ಈ ಸಲವಾದರೂ ಸರಿಯಾಗಿ ಮಾಡಿದೆಯಲ್ಲ ಎಂದಳು. ಅಣ್ಣ ತಲೆ ತಗ್ಗಿಸಿ ಕುಡಿದ. ನನ್ನ ಕಡೆ ನೋಡಲೂ ಇಲ್ಲ. ತಪ್ಪು ನನ್ನದೆಂದು ಅವನಾಗಿ ಅವನು ಎಂದೂ ಹೇಳುವವನಲ್ಲ.

"ಅಮ್ಮಾ, ಅವತ್ತೂ ಅವನು ಸರಿಯಾಗೇ ಮಾಡಿದ್ದ," ಅಂದೆ. ಎಲ್ಲ ಹೇಳಿದೆ.

ಅಮ್ಮ ಒಲೆ ಆರಿಸಿ ಕೂತಳು. ಅಣ್ಣನ ಲೋಟ ಖಾಲಿಯಾಗಿತ್ತು, ತನ್ನದನ್ನು ಅದಕ್ಕೆ ಸುರಿದಳು. ಆಮೇಲೆ ನನಗೆ — "ಅವನನ್ನ ಅಂದೋಳು ನಾನೊಬ್ಬಳೇ ಅಲ್ಲ. ಹೋಗು, ಅಂದವರಿಗೆಲ್ಲ ನೀನೇ ಹೇಳು."

ಕೋಣೆಗೆ ಬಂದು ಹೆಸರು ಬರೆದುಕೊಂಡೆ. ದೊಡ್ಡಮ್ಮ, ಮಾವ, ಚಿಕ್ಕಪ್ಪ, ಅಂಗಡಿ ಯಜಮಾನರು, ಅಣ್ಣನ ಶಾಪಿನ ಪಕ್ಕದ ಟೈಲರ್. ಮೊದಲು ಮಾವನಿಗೆ. ಅವರೇ ಎಲ್ಲರಿಗಿಂತ ಹೆಚ್ಚು ಅಂದವರು. ಸ್ಪೀಕರಿನಲ್ಲಿಟ್ಟಿದ್ದೇನೆ, ಬಾಗಿಲು ತೆರೆದೇ ಇದೆ, ಹೊರಗೆ ಕೂತಿರುವ ಅಮ್ಮನಿಗೂ ಅಣ್ಣನಿಗೂ ಕೇಳಲಿ. ರಿಂಗ್ ಆಗುತ್ತಿದೆ. ಎತ್ತಿದರು —