ಮಾಸ್ಕಿನ ಹಿಂದಿನಿಂದ ಪಡೆದ ಒಪ್ಪಿಗೆ

ಆಸ್ಪತ್ರೆಯ ಆಡಳಿತಾಧಿಕಾರಿಗಳೇ,

‘ಮಾನ್ಯರೇ’ ಎಂದು ಶುರುಮಾಡಲು ಹೋದೆ, ಕೈ ಓಡಲಿಲ್ಲ. ಕಿವಿ ಕೇಳಿಸದ ಹೆಂಗಸೊಬ್ಬರ ಗರ್ಭಕೋಶವನ್ನು ಅವರಿಗೆ ತಿಳಿಯದಂತೆಯೇ ನಿಮ್ಮ ಆಸ್ಪತ್ರೆ ತೆಗೆದುಹಾಕಿದೆ. ಅದರ ಸಮರ್ಥನೆಗೆ ನೀವು ತೋರಿಸುತ್ತಿರುವುದು ರೋಗಿಗಳ ಹಕ್ಕಿಗಾಗಿ ನಾನೇ ಬರೆದ ನಿಯಮವನ್ನು. ಆ ಹೆಂಗಸು ನನ್ನ ಚಿಕ್ಕಮ್ಮ.

ಮೊದಲು ನಿಯಮದ ಮಾತು. ಸನ್ನೆಯಲ್ಲಿ ಮಾತಾಡುವ ರೋಗಿಯ ಪರವಾಗಿ ಮನೆಯವರು ಉತ್ತರಿಸಬಾರದು, ಆಸ್ಪತ್ರೆಯೇ ಸನ್ನೆಭಾಷೆ ಬಲ್ಲ ದುಭಾಷಿಯನ್ನು ಒದಗಿಸಬೇಕು ಎಂದು ಬರೆದಿದ್ದೆ. ಗಂಡ, ಅತ್ತೆ, ಅಣ್ಣಂದಿರು ತಮಗೆ ಬೇಕಾದ್ದನ್ನೇ ರೋಗಿಯ ಮಾತೆಂದು ಹೇಳಿಬಿಡುವುದನ್ನು ನೋಡಿ ನೋಡಿಯೇ ಈ ಕೆಲಸದಲ್ಲಿ ನನ್ನ ತಲೆ ನರೆತಿದೆ. ನೀವು ವಾಕ್ಯದ ಮೊದಲರ್ಧವನ್ನು ತಕ್ಷಣ ಜಾರಿಗೆ ತಂದಿರಿ; ಉಳಿದರ್ಧವನ್ನು ‘ಮುಂದಿನ ಹಂತ’ಕ್ಕೆ ತಳ್ಳಿದಿರಿ. ಮನೆಯವರನ್ನು ಹೊರಗೆ ಕಳಿಸಲು ಖರ್ಚೇನಿದೆ? ಸಮಾನತೆ ನಿಮ್ಮ ಕೈಯಲ್ಲಿ ಎಷ್ಟು ಸಲೀಸಾಯಿತು ನೋಡಿ: ಇದ್ದವರನ್ನು ಆಚೆ ಹಾಕಿದಿರಿ, ಬದಲಿಗೆ ಯಾರನ್ನೂ ಒಳಗೆ ತರಲಿಲ್ಲ.

ಚಿಕ್ಕಮ್ಮ ಬಟ್ಟೆ ಹೊಲಿಯುವವರು. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಾರೆ. ಹಿಡಿಯಲಾಗದಿದ್ದರೆ ನಕ್ಕು ತಲೆಯಾಡಿಸುತ್ತಾರೆ. ಎರಡನೇ ಸಲ ಕೇಳಿದರೆ ಜನ ಮುಖ ಸಿಂಡರಿಸುತ್ತಾರೆಂದು ಚಿಕ್ಕಂದಿನಲ್ಲೇ ಕಲಿತ ಬುದ್ಧಿ ಅದು. ಆಪರೇಷನ್ನಿಗೆ ಮೊದಲು ಅವರ ಮಗಳನ್ನು ಕಾರಿಡಾರಿನ ಬೆಂಚಿನಲ್ಲಿ ಕೂರಿಸಿ, ಬಾಗಿಲು ಮುಚ್ಚಿ, ಮಾಸ್ಕ್ ತೊಟ್ಟ ವೈದ್ಯರು ಎಲ್ಲವನ್ನೂ ಕೂಲಂಕಷವಾಗಿ ವಿವರಿಸಿದರಂತೆ. ಯಾರಿಗೆ? ಗೋಡೆಗೆ? ಚಿಕ್ಕಮ್ಮನಿಗೆ ಕಂಡದ್ದು ಅಲ್ಲಾಡುವ ನೀಲಿ ಬಟ್ಟೆ. ತಲೆಯಾಡಿಸಿದರು. ನರ್ಸ್ ಬೆರಳಿಟ್ಟ ಕಡೆ ಸಹಿ ಹಾಕಿದರು.

ಗರ್ಭಕೋಶದಲ್ಲಿದ್ದ ಗಡ್ಡೆಯನ್ನಷ್ಟೇ ತೆಗೆದಿದ್ದಾರೆಂದು ನಂಬಿ ಮನೆಗೆ ಬಂದವರು, ಮುಟ್ಟು ಇನ್ನು ಯಾವಾಗ ಬರುತ್ತದೆ ಎಂದು ಮಗಳನ್ನು ಸನ್ನೆಯಲ್ಲಿ ಕೇಳಿದರು. ಅವಳು ಅಡುಗೆಮನೆಗೆ ಹೋಗಿ, ತನ್ನ ತುಟಿ ಅಮ್ಮನಿಗೆ ಕಾಣದಂತೆ ಗೋಡೆಗೆ ಮುಖ ಮಾಡಿ ನಿಂತು, ನನಗೆ ಫೋನ್ ಮಾಡಿದಳು.

“ಅಕ್ಕಾ, ಅಮ್ಮಂಗೆ ಗೊತ್ತೇ ಇಲ್ಲ. ನಾನು ಯಾವ ಬಾಯಲ್ಲಿ ಹೇಳ್ಲಿ?”

ಗರ್ಭಕೋಶ ತೆಗೆಯುವುದು ಅಗತ್ಯವೇ ಇದ್ದಿರಬಹುದು, ನಾನು ವೈದ್ಯಳಲ್ಲ. ಕೇಳಿದ್ದರೆ ಚಿಕ್ಕಮ್ಮ ಒಪ್ಪುತ್ತಿದ್ದರೋ ಏನೋ. ನೀವು ಕೇಳಲಿಲ್ಲವಲ್ಲ! ದೂರು ಹಿಡಿದು ಬಂದ ನನಗೆ, “ರೂಲ್ಸ್ ನಿಮ್ಮದೇ ಅಲ್ವಾ ಮೇಡಂ?” ಎಂದಿರಿ, ಅದೂ ನಗುತ್ತಾ. ನಿಮ್ಮ ಕುರ್ಚಿಯ ಹಿಂದೆ ಅದೇ ನಿಯಮಕ್ಕೆ ಬಂದ ಪ್ರಶಸ್ತಿಫಲಕ ತೂಗುತ್ತಿತ್ತು.

ಈಗ ಚಿಕ್ಕಮ್ಮನ ಎದೆಯಲ್ಲಿ ಗಂಟು ಕಾಣಿಸಿಕೊಂಡಿದೆ. ಅಂದು ನಡೆದದ್ದು ಅವರಿಗೂ ಈಗ ಗೊತ್ತು; ಪರೀಕ್ಷೆಗೆ ಹೋಗೋಣವೆಂದರೆ, ಈ ಸಲ ಏನನ್ನು ತೆಗೆಯುತ್ತಾರೆ ಎಂದು ಕೇಳುತ್ತಾರೆ. ತಡಮಾಡಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹೇಗೋ ಕಾಡಿ ಬೇಡಿ ಸೋಮವಾರಕ್ಕೆ ಒಪ್ಪಿಸಿದ್ದೇನೆ, ನಿಮ್ಮ ಪರವಾಗಿ ನಾನು ಮಾತು ಕೊಟ್ಟು.

ಆದ್ದರಿಂದ ಸೋಮವಾರ ಆ ಕೋಣೆಯಲ್ಲಿ ದುಭಾಷಿ ಇರಬೇಕು. ಇಲ್ಲವಾದರೆ ಚಿಕ್ಕಮ್ಮ ಯಾರನ್ನು ಕರೆಯುತ್ತಾರೋ ಅವರು ಒಳಗಿರುತ್ತಾರೆ. ತಡೆಯುವವರು ಮೊದಲು ಬಾಗಿಲಲ್ಲಿ ನಿಂತ ನನ್ನನ್ನು ದಾಟಲಿ. ವೈದ್ಯರು ಮುಖ ತೋರಿಸಿ ಮಾತಾಡಲಿ. ಚಿಕ್ಕಮ್ಮ ನಕ್ಕು ತಲೆಯಾಡಿಸಿದ ಕೂಡಲೇ ಪೆನ್ನು ಎತ್ತಿಕೊಳ್ಳಬೇಡಿ. ಏನು ಅರ್ಥವಾಯಿತು ಎಂದು ಅವರನ್ನೇ ಕೇಳಿ, ಅವರ ಕೈಗಳು ಉತ್ತರ ಹೇಳಿ ಮುಗಿಸುವವರೆಗೆ ಕಾಯಿರಿ.

ಇಂತಿ,
ಈ ಪತ್ರ ನಿಮ್ಮ ಮೇಜು ತಲುಪುವವರೆಗಾದರೂ
ನಿಮ್ಮ ಆಸ್ಪತ್ರೆಯ ಸಮಾನತಾ ಅಧಿಕಾರಿ