ಸಮುದ್ರ ದಿನಕ್ಕೆ ಹೋದ ದೋಣಿ

ಸಾನ್ ಲಿನೋ, ಮಾಮೊರೆ ನದಿ, ಬೊಲಿವಿಯ

ಕಮಾಂಡರ್ ರಿವೆರೊ ಅವರಿಗೆ,

ನೌಕಾಪಡೆಯ ಆಸ್ಪತ್ರೆ ದೋಣಿಗೆ ಸಮುದ್ರ ದಿನದ ಮೆರವಣಿಗೆಗಾಗಿ ಬಣ್ಣ ಬಳಿಯುತ್ತಿದ್ದೇವೆ, ಮೆರವಣಿಗೆ ಮುಗಿದ ಮೇಲೆ ದೋಣಿ ಬರುತ್ತದೆ ಎಂದು ರೇಡಿಯೋದಲ್ಲಿ ತಿಳಿಸಿದಿರಿ. ಇಲ್ಲಿ ನೆರೆಯಿಂದ ರಸ್ತೆ ಮುಳುಗಿದೆ. ತುಂಬು ಗರ್ಭಿಣಿ ಡೆಲ್ಫಿನಾಳ ಹೊಟ್ಟೆಯಲ್ಲಿ ಮಗು ಅಡ್ಡ ಮಲಗಿದೆ. ನಾನು ಬರೀ ದಾದಿ, ಶಸ್ತ್ರಚಿಕಿತ್ಸೆ ನನ್ನಿಂದಾಗದು. ಮೀನುಗಾರರ ಪುಟ್ಟ ದೋಣಿಯಲ್ಲಿ ಈ ಪತ್ರ ಕಳಿಸಬಹುದು, ಅವಳನ್ನು ಮಲಗಿಸಲಾಗದು.

“ಮುತ್ತಜ್ಜನ ಕಾಲದಲ್ಲಿ ಕಳ್ಕೊಂಡ ಸಮುದ್ರಕ್ಕೆ ದೋಣಿ ಇದೆ, ಬಾಗಿಲಿಗೆ ಬಂದ ನದಿಗೆ ಇಲ್ವಾ ಸಿಸ್ಟರಮ್ಮಾ?” ಎಂದು ಅವಳ ಅತ್ತೆ ಕೇಳಿದರು. ಯುದ್ಧದಲ್ಲಿ ಪಕ್ಕದ ದೇಶದ ಪಾಲಾದ ಆ ಸಮುದ್ರಕ್ಕಾಗಿ ಪ್ರತಿ ಸಮುದ್ರ ದಿನ ಶಾಲೆಯಲ್ಲಿ ನಾನೂ ಅತ್ತವಳೇ. ನನ್ನ ಸಿಟ್ಟು ಅತಿಯಾಯಿತೇ ಎಂದು ಯೋಚಿಸಿದೆ, ಇಲ್ಲ ಅನಿಸಿತು.

ಬಣ್ಣ ಅರ್ಧವಾಗಿದ್ದರೂ ದೋಣಿ ಕಳಿಸಿ. ಮೆರವಣಿಗೆ ನಮ್ಮ ದಡದಲ್ಲೇ ಆಗಲಿ, ಊರೆಲ್ಲ ಬಾವುಟ ಹಿಡಿದು ನಿಲ್ಲುತ್ತೇವೆ. ಮೊದಲು ಡೆಲ್ಫಿನಾಳನ್ನು ಹತ್ತಿಸಿಕೊಳ್ಳಿ.

ನಿಮ್ಮ ದಾರಿ ಕಾಯುತ್ತಿರುವ,
ಎಲ್ವಿರಾ ನೋಸಾ