ಟೈಟಲ್‌ಗೆ ಮುಂಚೆ ಎದ್ದವಳು

ಸೋಮವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂತು. "ಅಕ್ಕಾ, ನಿಜವಾಗ್ಲೂ ನಿಂಗೆ ಗೊತ್ತಾಗ್ಲಿಲ್ವಾ?" ಎಂದು ಒಂದೇ ಸಾಲು ಬರೆದಿದ್ದೀಯ. ಗೊತ್ತಾಗಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಗುರುವಾರ ಪತ್ರಿಕೆಯವರಿಗೆ ನಿಮ್ಮ ಸಿನಿಮಾ ತೋರಿಸಿದರು. ಧ್ವನಿಗ್ರಹಣ ನಿನ್ನದು ಎಂಬುದಷ್ಟೇ ನನಗೆ ತಿಳಿದಿತ್ತು. ನಾಯಕನಿಲ್ಲ, ಕಥೆಯಿಲ್ಲ. ಸ್ಟುಡಿಯೋದಲ್ಲಿ ದುಡಿಯುವ ಹನ್ನೊಂದು ಮಂದಿ, ಲೈಟಿನವರು, ಮೇಕಪ್‌ನವರು, ಸ್ಟಂಟ್‌ನವರು, ತಮ್ಮ ಪಾಡು ತಾವೇ ಹೇಳಿಕೊಳ್ಳುತ್ತಾರೆ. ನಡುನಡುವೆ ಪರದೆ ಕಪ್ಪಾಗಿ ಒಬ್ಬ ಹೆಂಗಸಿನ ದನಿ ಮಾತ್ರ. ತಡವರಿಸುತ್ತದೆ, ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಮಧ್ಯಂತರದಲ್ಲಿ ಸಂಜೆ ಪತ್ರಿಕೆಯ ಹಿರಿಯರು, "ಈಯಮ್ಮ ಮಾತು ಮುಗಿಸೋಷ್ಟ್ರಲ್ಲಿ ನಾನು ರಿಟೈರ್ ಆಗಿರ್ತೀನಿ ಕಣ್ರೀ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಏಳಕ್ಕೆ ಪುಟ ಅಚ್ಚಿಗೆ ಹೋಗಬೇಕು. ಹಾಗಾಗಿ ವಿಮರ್ಶೆ ಬರೆಯುವ ನಾವ್ಯಾರೂ ಹೆಸರುಗಳು ಬರುವ ಕೊನೆಯ ಟೈಟಲ್‌ಗೆ ಕೂರುವುದಿಲ್ಲ. ನಾನೂ ಎದ್ದೆ. "ಆ ದನಿಯೇ ಚಿತ್ರದ ದೊಡ್ಡ ಕೊರತೆ. ಪಳಗಿದ ಕಂಠದಾನ ಕಲಾವಿದೆಯಿಂದ ಹೇಳಿಸಬೇಕಿತ್ತು" ಎಂದು ಬರೆದೆ. ಉಳಿದ ಪತ್ರಿಕೆಗಳಲ್ಲಿ ಒಂದು ಸ್ಟಂಟ್‌ನವನನ್ನು ಹೊಗಳಿತು, ಇನ್ನೊಂದು ಇಡೀ ಚಿತ್ರವನ್ನು ತಾಳ್ಮೆಯ ಪರೀಕ್ಷೆ ಎಂದಿತು.

ಶುಕ್ರವಾರ ಬೆಳಿಗ್ಗೆ ಅಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ನನ್ನ ವಿಮರ್ಶೆಯನ್ನು ಗಟ್ಟಿಯಾಗಿ ಓದತೊಡಗಿದಳು. ಪಾರ್ಶ್ವವಾಯು ಆದಮೇಲೆ ಮಾತು ಮರಳಲೆಂದು ಡಾಕ್ಟರು ಹಚ್ಚಿದ ಅಭ್ಯಾಸ ಅದು. ಆ ಸಾಲಿಗೆ ಬಂದಳು. ಪೂರ್ತಿ ಓದಿದಳು. ಕನ್ನಡಕ ತೆಗೆದಿಟ್ಟು, "ಸರಿಯಾಗೇ ಬರ್ದಿದೀಯ. ಇನ್ನೊಂದು ಟೇಕ್ ಕೇಳ್ಬೇಕಿತ್ತು ನಾನು" ಎಂದಳು.

ನಾನು ಹಿಡಿದಿದ್ದ ಲೋಟ ಸಿಂಕಿಗೆ ಬಿತ್ತು.

"ಟೈಟಲ್ ತನಕ ಕೂತಿದ್ಯಾ?" ಎಂದು ಕೇಳಿದಳು. ಪುಟದ ಹೊತ್ತಾಗಿತ್ತು ಎಂದೆ. ಮೂವತ್ತು ವರ್ಷ ಎಷ್ಟೋ ನಾಯಕಿಯರಿಗೆ ದನಿ ಕೊಟ್ಟವಳು. ಒಂದು ಸಿನಿಮಾದಲ್ಲೂ ಹೆಸರು ಬಂದಿರಲಿಲ್ಲ. ನಿಮ್ಮದರಲ್ಲಿ ಇಡೀ ಪರದೆಗೆ ಅವಳೊಬ್ಬಳದೇ ಹೆಸರು ಬಂತಂತೆ. ನನಗೆ ಅಚ್ಚರಿಯಾಗಲಿ ಎಂದು ನೀವಿಬ್ಬರೂ ಬಾಯಿ ಬಿಟ್ಟಿರಲಿಲ್ಲವಂತೆ.

ಅವತ್ತಿನಿಂದ ಅಮ್ಮ ಪತ್ರಿಕೆ ಮುಟ್ಟಿಲ್ಲ. ಏನು ಕೇಳಿದರೂ ತಲೆಯಾಡಿಸುತ್ತಾಳೆ. ಅಭ್ಯಾಸ ತಪ್ಪಿದರೆ ಈಗಿರುವ ಮಾತೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಭಾನುವಾರ ಬಾ. ನೀನು ಕೇಳಿದರೆ ಮಾತಾಡಿಯಾಳು.

ನಿನ್ನ
ಅಕ್ಕ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಸಿನಿಮಾದಲ್ಲಿ ಅವಳು ಎರಡು ಮಾತಾಡುವಷ್ಟರಲ್ಲೇ ದನಿಯ ಗುರುತು ಸಿಕ್ಕಿತ್ತು, ಪುಟ್ಟಿ. ಅಷ್ಟು ಜನರ ಜೊತೆ ನಕ್ಕಮೇಲೆ, ಆಕೆ ನಮ್ಮಮ್ಮ ಎನ್ನಲು ಬಾಯಿ ಬರಲಿಲ್ಲ. ಹೆಸರು ಕಣ್ಣಿಗೆ ಬಿದ್ದರೆ ಗೊತ್ತಿರಲಿಲ್ಲ ಎನ್ನಲಾಗದೆಂದು ಎದ್ದುಬಂದೆ. ಪುಟಕ್ಕೆ ಇನ್ನೂ ಎರಡು ಗಂಟೆಯಿತ್ತು. ಈ ಕಾಗದವನ್ನು ಈಗ ಅಮ್ಮನ ಕೈಗೆ ಕೊಡುತ್ತೇನೆ, ಗಟ್ಟಿಯಾಗಿ ಓದು ಎಂದು. ಇದು ನಿನಗೆ ತಲುಪಿದರೆ, ಅವಳು ಓದಿ ಮುಗಿಸಿದಳೆಂದು ತಿಳಿ.